ಇಚ್ಛಾಪರಿಮಾಣವೂ ಸಾಲದ ಲೆಕ್ಕವೂ

ಸಾಲ ಮಾಡಿದ ಶ್ರಾವಕನು ದಾನ ಮಾಡಬಹುದೇ? ನೋಂಪಿಯ ಉದ್ಯಾಪನೆಗೆ ನೂರು ಮಂದಿಯನ್ನು ಕರೆದು ಊಟ ಬಡಿಸಬಹುದೇ? ಬಸದಿಯಲ್ಲಿ ಕಲಶಗಳ ಸವಾಲು ನಡೆಯುವಾಗ ಎಲ್ಲರಿಗಿಂತ ಹೆಚ್ಚಿನ ಮೊತ್ತವನ್ನು ಕೂಗಬಹುದೇ? ಶ್ರಾವಕಾಚಾರದ ಉಪನ್ಯಾಸಗಳಲ್ಲಿ ಈ ಪ್ರಶ್ನೆಗಳು ಏಳುವುದು ಅಪರೂಪ. ಕೇಳಿದವನ ಮನೆಯಲ್ಲಿಯೇ ಸಾಲವಿರಬೇಕೆಂದು ಪಕ್ಕದವರು ಊಹಿಸಿಬಿಡುವರೆಂಬ ಅಂಜಿಕೆ ಇದಕ್ಕೆ ಒಂದು ಕಾರಣವಿರಬಹುದು.

ಈ ಅಂಜಿಕೆಯಿಂದ ಎರಡು ಬಗೆಯ ನಡವಳಿಕೆಗಳು ಹುಟ್ಟುತ್ತವೆ. ಒಬ್ಬನು ಸಾಲವನ್ನು ಮುಚ್ಚಿಟ್ಟು ಮೊದಲಿನಂತೆಯೇ ಕೊಡುತ್ತಾ, ಕರೆಯುತ್ತಾ, ಉಡುಗೊರೆ ಹೊತ್ತು ಹೋಗುತ್ತಾ ಸಾಲವನ್ನು ಬೆಳೆಸುತ್ತಾನೆ. ಇನ್ನೊಬ್ಬನು ಮದುವೆಗೆ ಹೋಗುವುದನ್ನು ಬಿಡುತ್ತಾನೆ, ಪರ್ವದ ದಿನಗಳಲ್ಲಿ ಬಸದಿಯ ಹಿಂದಿನ ಬಾಗಿಲಿನಿಂದ ಬಂದು ಹೊರಟುಹೋಗುತ್ತಾನೆ, ಕೊನೆಗೆ ಬರುವುದನ್ನೇ ನಿಲ್ಲಿಸುತ್ತಾನೆ. ಮೊದಲನೆಯವನು ಹಣವನ್ನು ಕಳೆದುಕೊಂಡರೆ ಎರಡನೆಯವನು ಬಂಧುಗಳನ್ನು ಕಳೆದುಕೊಳ್ಳುತ್ತಾನೆ. ಇವೆರಡೂ ಅಲ್ಲದ ದಾರಿಯೊಂದು ಜೈನ ಗೃಹಸ್ಥಧರ್ಮದಲ್ಲಿ ಬಹು ಹಿಂದಿನಿಂದಲೂ ಇದೆ; ಅದನ್ನು ಸಾಲದ ವಿಷಯಕ್ಕೆ ಅನ್ವಯಿಸುವ ರೂಢಿ ಮಾತ್ರ ಬೆಳೆದಿಲ್ಲ.

ಮೊದಲು ದಾನದ ಮಾತನ್ನೇ ತೆಗೆದುಕೊಳ್ಳಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಾನದ ಲಕ್ಷಣವನ್ನು ಹೇಳುವಾಗ 'ಸ್ವ' ಎಂಬ ಪದವನ್ನು ಬಳಸಿದ್ದಾರೆ. ಅನುಗ್ರಹಕ್ಕಾಗಿ ತನ್ನದಾದುದನ್ನು ಬಿಟ್ಟುಕೊಡುವುದೇ ದಾನ. ಸೂತ್ರಕಾರರು ಒಂದಕ್ಷರವನ್ನೂ ವ್ಯರ್ಥವಾಗಿ ಬಳಸುವವರಲ್ಲ. ತನ್ನದಲ್ಲದುದನ್ನು ಕೊಟ್ಟರೆ ಅಲ್ಲಿ ತ್ಯಾಗವೇ ಇಲ್ಲ. ಮೂರನೆಯವನೊಬ್ಬನು ತನಗೆ ತಿಳಿಯದಂತೆಯೇ ದಾನಿಯಾಗಿರುತ್ತಾನೆ, ಪುಣ್ಯದ ಹೆಸರು ಮಾತ್ರ ಸಾಲಗಾರನದಾಗಿರುತ್ತದೆ. ಸಾಲವಾಗಿ ತಂದ ಹಣವು ವ್ಯವಹಾರದ ದೃಷ್ಟಿಯಿಂದ ತಂದವನದೇ ಅಲ್ಲವೇ ಎಂದು ವಾದಿಸಬಹುದು. ಕಾನೂನು ಹಾಗೆಂದು ಒಪ್ಪಬಹುದು. ಆದರೆ ಕೊಟ್ಟವನಿಗೆ ಹೇಳಿದ ಗಡುವು ಮೀರಿದ ಮೇಲೂ ಕೈಯಲ್ಲಿ ಹಣವಿದ್ದು, ಅದನ್ನು ಬೇರೆಡೆಗೆ ತಿರುಗಿಸಿದಾಗ, ಆ ಹಣದ ಮೇಲೆ 'ಸ್ವ' ಎಂಬ ಮಾತು ನಿಲ್ಲುವುದು ಕಷ್ಟ.

ಗೃಹಸ್ಥನ ಆದಾಯವನ್ನು ನಾಲ್ಕು ಪಾಲು ಮಾಡಬೇಕೆಂಬ ಹಳೆಯ ನೀತಿಯೊಂದನ್ನು ಶ್ರಾವಕಾಚಾರದ ವ್ಯಾಖ್ಯಾನಕಾರರು ಎತ್ತಿ ಹೇಳುವುದುಂಟು. ಒಂದು ಪಾಲು ಕೂಡಿಡುವುದಕ್ಕೆ, ಒಂದು ಪಾಲು ವ್ಯಾಪಾರದ ಬಂಡವಾಳಕ್ಕೆ, ಒಂದು ಪಾಲು ಧರ್ಮ ಮತ್ತು ಸ್ವಂತ ಉಪಭೋಗಕ್ಕೆ, ಒಂದು ಪಾಲು ತನ್ನನ್ನು ಆಶ್ರಯಿಸಿದವರ ಪೋಷಣೆಗೆ. ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ ಧರ್ಮವನ್ನೂ ಉಪಭೋಗವನ್ನೂ ಒಂದೇ ಪಾಲಿನಲ್ಲಿ ಇಟ್ಟಿರುವುದು. ಧರ್ಮಕ್ಕೆ ಹೆಚ್ಚು ಕೊಡಬಯಸುವವನು ತನ್ನ ಭೋಗವನ್ನು ತಗ್ಗಿಸಿ ಕೊಡಬೇಕೇ ಹೊರತು ತಾಯಿಯ ಔಷಧದಿಂದಲೋ ಮಕ್ಕಳ ವಿದ್ಯೆಯಿಂದಲೋ ತೆಗೆದು ಕೊಡುವಂತಿಲ್ಲ. ಇನ್ನು ಸಾಲ ತೀರಿಸುವುದಕ್ಕೆ ಈ ಲೆಕ್ಕದಲ್ಲಿ ಪಾಲೇ ಇಲ್ಲ. ಸಾಲವು ಬಂದಾಗ ಅದಕ್ಕೆ ಜಾಗ ಬಿಡಬೇಕಾದುದು ಮೊದಲು ಉಪಭೋಗ, ಅನಂತರ ಉಳಿತಾಯ ಎಂಬುದು ಇದರಿಂದ ತಾನಾಗಿಯೇ ಹೊರಡುತ್ತದೆ. ಆದಾಯಕ್ಕೆ ತಕ್ಕ ವ್ಯಯ, ಸಂಪತ್ತಿಗೆ ತಕ್ಕ ವೇಷ ಎಂಬುದನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರೂ ಗೃಹಸ್ಥನ ಗುಣಗಳಲ್ಲಿ ಎಣಿಸಿದ್ದಾರೆ.

ಆದರೆ ಭೋಗವನ್ನು ಕಡಿಮೆ ಮಾಡಿದವನು ಜನರ ನಡುವೆ ಇರುವುದು ಹೇಗೆ? ಇದಕ್ಕೆ ಜೈನ ವರ್ತಕನೊಬ್ಬನ ಬಾಳಿನಲ್ಲಿಯೇ ಉತ್ತರವಿದೆ. ಬನಾರಸೀದಾಸನು ತನ್ನ ಐವತ್ತೈದನೆಯ ವಯಸ್ಸಿನಲ್ಲಿ, 1641ರಲ್ಲಿ, 'ಅರ್ಧಕಥಾನಕ'ವೆಂಬ ಆತ್ಮಕಥೆಯನ್ನು ಪದ್ಯರೂಪದಲ್ಲಿ ಬರೆದನು. ಮನುಷ್ಯನ ಪೂರ್ಣಾಯುಷ್ಯವನ್ನು ನೂರಹತ್ತು ವರ್ಷವೆಂದು ಎಣಿಸಿ, ಅರ್ಧ ಕಳೆದ ಬಾಳಿನ ಕಥೆಗೆ ಆ ಹೆಸರಿಟ್ಟನು. ಜೌನಪುರದಲ್ಲಿ ಹುಟ್ಟಿದ ಈತನು 1610ರ ಸುಮಾರಿಗೆ, ಇನ್ನೂ ಯುವಕನಾಗಿದ್ದಾಗ, ತಂದೆಯು ಒಪ್ಪಿಸಿದ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ತೆಗೆದುಕೊಂಡು ವ್ಯಾಪಾರಕ್ಕೆಂದು ಆಗ್ರಾಕ್ಕೆ ಹೋದನು. ವ್ಯಾಪಾರ ಕೈಗೂಡಲಿಲ್ಲ. ಕೆಲವು ರತ್ನಗಳು ಎಲ್ಲೋ ಬಿದ್ದುಹೋದವು, ಕೆಲವನ್ನು ಇಲಿ ಹೊತ್ತೊಯ್ದಿತು. ಮನೆಯಲ್ಲಿದ್ದುದನ್ನೆಲ್ಲ ಮಾರಿ ತಿಂದು ಮುಗಿಸಿದ ಮೇಲೆ ಕಚೋರಿ ಮಾರುವವನೊಬ್ಬನ ಬಳಿ ಉದ್ದರಿಯಲ್ಲಿ ತಿನ್ನತೊಡಗಿದನು.

ಈ ದುಃಸ್ಥಿತಿಯಲ್ಲಿಯೂ ಬನಾರಸೀದಾಸನು ಮನೆಯ ಬಾಗಿಲನ್ನು ಮುಚ್ಚಲಿಲ್ಲ. ರಾತ್ರಿ ಹತ್ತಿಪ್ಪತ್ತು ಜನ ಬಂದು ಕೂಡುತ್ತಿದ್ದರು, ಈತನು ಅವರಿಗೆ ಕಾವ್ಯ ಓದಿ ಹೇಳುತ್ತಿದ್ದನು. ಓದುತ್ತಿದ್ದುದು ಆಗಮವನ್ನಲ್ಲ, 'ಮಧುಮಾಲತಿ', 'ಮೃಗಾವತಿ' ಎಂಬ ಪ್ರೇಮಕಥೆಗಳನ್ನು ಎಂಬುದನ್ನು ಆತನೇ ಮುಚ್ಚಿಡದೆ ಹೇಳಿಕೊಂಡಿರುವಾಗ ಇತರರು ಮುಚ್ಚಿಡಬೇಕಾಗಿಲ್ಲ. ಕೇಳುಗರಲ್ಲಿ ಆ ಕಚೋರಿಯವನೂ ಒಬ್ಬನಾಗಿದ್ದನು. ಒಂದು ದಿನ ಬನಾರಸೀದಾಸನು ಅವನನ್ನು ಏಕಾಂತದಲ್ಲಿ ಕಂಡು, ತನ್ನಲ್ಲಿ ಹಣವಿಲ್ಲ, ಇನ್ನು ಮುಂದೆ ಉದ್ದರಿ ಕೊಡಬೇಡವೆಂದು ನೇರವಾಗಿ ಹೇಳಿದನು. ಇಪ್ಪತ್ತು ರೂಪಾಯಿಯವರೆಗೆ ತಿನ್ನಬಹುದು, ಅಲ್ಲಿಯ ತನಕ ಯಾರೂ ಏನೂ ಅನ್ನುವುದಿಲ್ಲವೆಂದು ಅವನು ಉತ್ತರಿಸಿದನು. ತಿಂಗಳುಗಳು ಕಳೆದವು. ಮುಂದೆ ನೆಂಟರೊಬ್ಬರ ಆಶ್ರಯವೂ ಪಾಲುದಾರಿಕೆಯ ವ್ಯಾಪಾರವೂ ದೊರೆತ ಮೇಲೆ ಲೆಕ್ಕ ನೋಡಿದಾಗ ಹದಿನಾಲ್ಕು ರೂಪಾಯಿಯಾಗಿತ್ತು. ಅದನ್ನು ಬನಾರಸೀದಾಸನು ಸಲ್ಲಿಸಿದನು.

ಸಾಲಗಾರನು ಸಾಲ ಕೊಟ್ಟವನಿಂದ ತಲೆಮರೆಸಿಕೊಳ್ಳದೆ ತಾನಾಗಿಯೇ ಹೋಗಿ ಹೇಳಿದುದು ಈ ಪ್ರಸಂಗದಲ್ಲಿ ದೊಡ್ಡ ಮಾತು. ಸಾಲ ಕೊಟ್ಟವನು ಔದಾರ್ಯ ತೋರಿದರೂ ಇಪ್ಪತ್ತು ರೂಪಾಯಿಯೆಂಬ ಮಿತಿಯನ್ನು ಹೇಳಿದುದು ಅದಕ್ಕೆ ಸರಿಸಮನಾದ ಮಾತು. ಇಂದಿನ ಬ್ಯಾಂಕೂ ಕ್ರೆಡಿಟ್ ಕಾರ್ಡಿಗೆ ಮಿತಿಯನ್ನು ಹಾಕುತ್ತದೆ. ಆದರೆ ಸ್ವಲ್ಪ ಕಾಲದಲ್ಲಿಯೇ ಆ ಮಿತಿಯನ್ನು ಏರಿಸಿಕೊಳ್ಳಿರೆಂಬ ಸಂದೇಶವೂ ಅಲ್ಲಿಂದಲೇ ಬರುತ್ತದೆ. ಕಚೋರಿಯವನು ಹಾಗೆ ಮಾಡಲಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ 'ಇಚ್ಛಾಪರಿಮಾಣ'ವೆಂಬ ಇನ್ನೊಂದು ಹೆಸರನ್ನು ಹೇಳಿದ್ದಾರೆ. ಈ ವ್ರತವು ಸಿರಿವಂತರಿಗಷ್ಟೇ ಸಂಬಂಧಿಸಿದುದೆಂದು ಭಾವಿಸುವವರುಂಟು. ಹಿಂದೆ ಬಡ ಗುಮಾಸ್ತನ ಇಚ್ಛೆಗೆ ಅವನ ಕಿಸೆಯೇ ಪರಿಮಾಣವಾಗಿತ್ತು, ಸಂಬಳ ಮುಗಿದಲ್ಲಿಗೆ ಖರೀದಿಯೂ ಮುಗಿಯುತ್ತಿತ್ತು. ಕಂತು, ಕಾರ್ಡು, ಮೊಬೈಲಿನಲ್ಲಿ ಕೈಬೆರಳು ಒತ್ತಿದರೆ ಸಿಗುವ ಸಾಲ ಇವು ಬಂದ ಮೇಲೆ ಕಿಸೆಯ ಆ ಗಡಿ ಅಳಿಸಿಹೋಗಿದೆ. ಏನೂ ಇಲ್ಲದವನ ಪರಿಗ್ರಹವೂ ಈಗ ಲಕ್ಷಗಳಲ್ಲಿರಬಹುದು, ಏಕೆಂದರೆ ಮುಂದಿನ ಮೂರು ವರ್ಷಗಳ ಸಂಬಳವನ್ನು ಅವನು ಈಗಾಗಲೇ ಅನುಭವಿಸಿಬಿಟ್ಟಿರುತ್ತಾನೆ. ಇಚ್ಛಾಪರಿಮಾಣವು ಇಂದು ಸಂಬಳದಾರನಿಗೆ ಹೆಚ್ಚು ಬೇಕಾದ ವ್ರತವೆಂದರೆ ಅತಿಶಯೋಕ್ತಿಯಾಗಲಾರದು.

ಅದೇ ಗ್ರಂಥದಲ್ಲಿ ಭೋಗೋಪಭೋಗಪರಿಮಾಣವನ್ನು ಹೇಳುವಾಗ ಯಮ, ನಿಯಮಗಳೆಂಬ ಭೇದವನ್ನು ಮಾಡಲಾಗಿದೆ. ಜೀವಾವಧಿ ಹಿಡಿದುದು ಯಮ. ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ತಿಂಗಳಿಗೆ, ಒಂದು ಋತುವಿಗೆ, ಒಂದು ಅಯನಕ್ಕೆ ಎಂದು ಕಾಲಮಿತಿಯಿಂದ ಹಿಡಿದುದು ನಿಯಮ. ಊಟ, ವಾಹನ, ಹಾಸಿಗೆ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಇವೆಲ್ಲ ಆ ನಿಯಮಕ್ಕೆ ಒಳಪಡುವ ವಸ್ತುಗಳು. ತಿಂಗಳ ಖರ್ಚಿನ ಪಟ್ಟಿಯೆಂದು ಇಂದು ಕರೆಯುವುದು ಇದಕ್ಕಿಂತ ಬಹಳ ಭಿನ್ನವಾದುದಲ್ಲ.

ಉದಾಹರಣೆಗೆ ಒಂದು ಕುಟುಂಬವನ್ನು ಊಹಿಸಬಹುದು. ತಿಂಗಳ ವರಮಾನ 40,000 ರೂಪಾಯಿ. ಬಾಡಿಗೆ, ದಿನಸಿ, ಶಾಲೆಯ ಶುಲ್ಕ, ವೃದ್ಧ ತಾಯಿಯ ಔಷಧ ಸೇರಿ 27,000 ಹೋಗುತ್ತದೆ. ಕಾರ್ಡಿನ ಬಾಕಿ 60,000, ಅದಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ಸೋದರಸಂಬಂಧಿಯೊಬ್ಬರಿಂದ ಪಡೆದ ಬಡ್ಡಿಯಿಲ್ಲದ ಕೈಗಡ ಒಂದು ಲಕ್ಷ. ಕಾರ್ಡಿಗೆ ಕನಿಷ್ಠ ಕಂತೆಂದು ನೂರಕ್ಕೆ ಐದರಂತೆ 3,000 ಮಾತ್ರ ಕಟ್ಟಿದರೆ 2,100 ಬಡ್ಡಿಗೇ ಸಲ್ಲುತ್ತದೆ. ಬಡ್ಡಿಯ ಮೇಲಿನ ತೆರಿಗೆಯನ್ನೂ ಕಳೆದರೆ ಅಸಲಿಗೆ ಸೇರುವುದು ಐನೂರು ಚಿಲ್ಲರೆ. ಬಾಕಿ ಉಳಿಸಿಕೊಂಡವನು ಹೊಸದಾಗಿ ಕೊಂಡ ವಸ್ತುವಿಗೂ ಮೊದಲ ದಿನದಿಂದಲೇ ಬಡ್ಡಿ ತೆರಬೇಕಾಗುತ್ತದೆಂಬುದನ್ನು ಅನೇಕರು ಅರಿಯರು. ಕಾರ್ಡನ್ನು ಬಳಸುವುದನ್ನು ನಿಲ್ಲಿಸಿ ತಿಂಗಳಿಗೆ 9,000 ಕಟ್ಟಿದರೆ ಎಂಟು ತಿಂಗಳಲ್ಲಿ ಬಾಕಿ ಮುಗಿಯುತ್ತದೆ. ಆಗ ಕೈಯಲ್ಲಿ ಉಳಿಯುವುದು 4,000. ಅದರಲ್ಲಿ 1,000ವನ್ನು ಸೋದರಸಂಬಂಧಿಗೆ ತಪ್ಪದೆ ಕೊಡುವುದು ಉಚಿತ. ಬಡ್ಡಿಯ ಲೆಕ್ಕವನ್ನಷ್ಟೇ ನೋಡುವವರು ಆ ಸಾವಿರವನ್ನೂ ಕಾರ್ಡಿಗೇ ಕಟ್ಟಬೇಕೆಂದಾರು. ಆದರೆ ಬಡ್ಡಿ ಕೇಳದವನು, ಬಾಯಿ ಬಿಟ್ಟು ಕೇಳದವನು ಎಂಬ ಕಾರಣಕ್ಕೆ ಅವನನ್ನು ಕಡೆಗೆ ನಿಲ್ಲಿಸುವುದು ಸೌಜನ್ಯವನ್ನು ಶಿಕ್ಷಿಸಿದಂತೆ. ಉಳಿದ 3,000ವೇ ಎಂಟು ತಿಂಗಳ ಮಟ್ಟಿಗೆ ಆ ಮನೆಯ ಧರ್ಮಕ್ಕೂ ಭೋಗಕ್ಕೂ ಬಂಧುಬಳಗಕ್ಕೂ ಇರುವ ಪಾಲು. ಅನಂತರ ಕಾರ್ಡಿಗೆ ಹೋಗುತ್ತಿದ್ದ ಹಣವೂ ಸೋದರಸಂಬಂಧಿಗೇ ಸಲ್ಲುತ್ತದೆ.

ಈ ಮೂರು ಸಾವಿರದಲ್ಲಿ ಸಮಾಜದೊಡನೆ ಬಾಳುವುದು ಸಾಧ್ಯವೇ ಎಂಬುದೇ ಮುಖ್ಯ ಪ್ರಶ್ನೆ. ಜೈನರ ಪಂಕ್ತಿಯಲ್ಲಿ ದಿನವೂ ಕಾಣುವ ಒಂದು ನಡವಳಿಕೆಯನ್ನು ಇಲ್ಲಿ ನೆನೆಯಬೇಕು. ಬಡಿಸುವಾಗ ಒಬ್ಬರು ಎಲೆಗೆ ಕೈ ಅಡ್ಡ ಹಿಡಿದು "ನನಗೆ ನಿಯಮವಿದೆ" ಎಂದರೆ ಸಾಕು, ಯಾರೂ ಬಲವಂತ ಮಾಡುವುದಿಲ್ಲ, ಏಕೆಂದು ಕೇಳುವುದೂ ಇಲ್ಲ. ಗೆಡ್ಡೆಗೆಣಸು ತಿನ್ನದವರು, ಸೂರ್ಯಾಸ್ತದ ಮೇಲೆ ಉಣ್ಣದವರು, ಚಾತುರ್ಮಾಸದಲ್ಲಿ ಹಸಿರು ತರಕಾರಿ ಬಿಟ್ಟವರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತೇಳುತ್ತಾರೆ. ಬಿಟ್ಟವರ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಆಹಾರದ ವಿಷಯದಲ್ಲಿ ಇಷ್ಟು ಸುಲಭವಾದ ಈ ಮಾತು ಹಣದ ವಿಷಯದಲ್ಲಿ ಏಕೆ ನಾಲಿಗೆಗೆ ಬರಬಾರದು? "ಸಾಲ ತೀರುವ ತನಕ ಪ್ರವಾಸವಿಲ್ಲವೆಂದು ಮನೆಯವರೆಲ್ಲ ನಿಯಮ ಹಿಡಿದಿದ್ದೇವೆ" ಎಂದು ಹೇಳಿದವನನ್ನು ಬಂಧುಗಳು ಮರುಸಲ ಒತ್ತಾಯಿಸುವುದು ಕಷ್ಟ. ಕಾರಣ ಹೇಳದೆ ತಪ್ಪಿಸಿಕೊಂಡವನನ್ನಾದರೆ ಜಂಬಗಾರನೆಂದೋ ಮುನಿಸಿಕೊಂಡನೆಂದೋ ತಿಳಿಯುವರು. ಇಂತಹ ಮಾತನ್ನು ಮೊದಲ ಸಲ ಆಡುವುದು ಕಷ್ಟವೆಂಬುದು ನಿಜ. ಮನೆಯ ಹೆಂಗಸರ ಮೇಲೆ ಆ ಭಾರವನ್ನು ಹೊರಿಸಿ ಗಂಡಸರು ಮೌನವಾಗಿರುವುದೂ ಕಂಡುಬರುತ್ತದೆ, ಅದು ನಿಯಮವೆನಿಸದು.

ಮುಯ್ಯಿಯ ಸಂಗತಿ ಸ್ವಲ್ಪ ತೊಡಕಿನದು. ತಮ್ಮ ಮನೆಯ ಮದುವೆಯಲ್ಲಿ ಮುಯ್ಯಿ ಪಡೆದವರು ಕೊಟ್ಟವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕು. ಇದು ಬಡ್ಡಿಯಿಲ್ಲದ, ಪತ್ರವಿಲ್ಲದ ಸಾಲವೇ ಆದುದರಿಂದ ಅದನ್ನು ಭೋಗದ ಲೆಕ್ಕಕ್ಕೆ ಸೇರಿಸಿ ಕಡಿತ ಮಾಡುವಂತಿಲ್ಲ. ಆದರೆ ಐನೂರು ಪಡೆದವನು ಸಾವಿರವನ್ನೇ ಹಿಂದಿರುಗಿಸಬೇಕೆಂಬುದು ಋಣವಲ್ಲ, ಮಾನದ ಸ್ಪರ್ಧೆ. ಪಡೆದಷ್ಟನ್ನು ಕೊಟ್ಟು, ಮದುವೆಯ ಹಿಂದಿನ ದಿನವೇ ಹೋಗಿ ಹೂ ಕಟ್ಟುವುದಕ್ಕೋ ತರಕಾರಿ ಹೆಚ್ಚುವುದಕ್ಕೋ ಕುಳಿತವರನ್ನು ಯಾವ ಮನೆಯೂ ಮರೆಯದು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಶಾಸ್ತ್ರ ಮತ್ತು ಅಭಯಗಳಿಗೆ ಹಣ ಬೇಕೇಬೇಕೆಂದಿಲ್ಲ. ಬಸದಿಯಲ್ಲಿ ಮಕ್ಕಳಿಗೆ ಭಾನುವಾರ ಪಾಠ ಹೇಳುವವರು, ಕಣ್ಣು ಮಂಜಾದ ಹಿರಿಯರಿಗೆ ಪುರಾಣ ಓದಿ ಹೇಳುವವರು ಎಷ್ಟು ಊರುಗಳಲ್ಲಿ ಉಳಿದಿದ್ದಾರೆ?

ಸಾಲ ಕೊಟ್ಟವನು ಮರೆತರೆ ಏನು ಎಂಬುದನ್ನೂ ಪೂರ್ವಾಚಾರ್ಯರು ಬಿಟ್ಟಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದೆಂದು ಅಷ್ಟನ್ನೇ ಕೊಟ್ಟರೆ ದೋಷವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕೈಗಡಕ್ಕೂ ಇದನ್ನು ಅನ್ವಯಿಸಿಕೊಳ್ಳಲು ಅಡ್ಡಿಯಿಲ್ಲ.

ಇನ್ನು ಬಸದಿಗಳ ಆಡಳಿತ ಮಂಡಳಿಗಳ ವಿಷಯ. ಸವಾಲಿನಲ್ಲಿ ಕೂಗಿದ ಮೊತ್ತವು ವರ್ಷಗಟ್ಟಲೆ ಬಾಕಿ ಉಳಿಯುವುದು, ಆ ಬಾಕಿದಾರನ ಹೆಸರು ಮಾತ್ರ ಆಗಲೇ ಅಮೃತಶಿಲೆಯ ಫಲಕದಲ್ಲಿ ಕೆತ್ತಿರುವುದು ಅಪರಿಚಿತ ಸಂಗತಿಯಲ್ಲ. ಕೂಗಿದವನೊಬ್ಬನ ಮೇಲೆಯೇ ತಪ್ಪನ್ನು ಹೊರಿಸುವುದು ನ್ಯಾಯವಲ್ಲ. ಧ್ವನಿವರ್ಧಕದಲ್ಲಿ ಮೊತ್ತವನ್ನು ಏರಿಸಿ ಏರಿಸಿ ಕೇಳುತ್ತಾ, ಪಕ್ಕದ ಮನೆಯವನ ಹೆಸರನ್ನು ಎತ್ತಿ ಹುರಿದುಂಬಿಸುತ್ತಾ ಇರುವಾಗ ಸಾಲಗಾರನೊಬ್ಬನು ಕೈ ಕಟ್ಟಿ ಕುಳಿತಿರಬೇಕೆಂದು ನಿರೀಕ್ಷಿಸುವುದು ಹೆಚ್ಚಿನ ಬೇಡಿಕೆ. ಸವಾಲಿನಿಂದ ಬರುವ ಆದಾಯದಲ್ಲಿಯೇ ಎಷ್ಟೋ ಬಸದಿಗಳ ಜೀರ್ಣೋದ್ಧಾರ ನಡೆದಿದೆಯೆಂಬ ಉತ್ತರದಲ್ಲಿ ಸತ್ಯವಿದೆ, ಆದುದರಿಂದ ಸವಾಲನ್ನೇ ನಿಲ್ಲಿಸಬೇಕೆನ್ನುವುದು ಆತುರದ ಮಾತಾದೀತು. ಕೂಗಿದ ಹಣವನ್ನು ಅಂದೇ ಸ್ವೀಕರಿಸುವುದು, ಬಾಕಿಯಿರುವವರಿಂದ ಹೊಸ ಮೊತ್ತವನ್ನು ಕೂಗಿಸದಿರುವುದು, ಮೊತ್ತವನ್ನು ಹೇಳದೆ ಹೆಸರನ್ನಷ್ಟೇ ಓದುವ ಸಣ್ಣ ಕಾಣಿಕೆಗಳ ಪಟ್ಟಿಯೊಂದನ್ನು ಇಡುವುದು, ಇವು ಯಾವ ಮಂಡಳಿಗೂ ಅಸಾಧ್ಯವಲ್ಲ. ಅಭಿಷೇಕದ ನೀರು ಹೊರುವವರು, ಚಾವಡಿ ಗುಡಿಸುವವರು, ಪಾಠ ಹೇಳುವವರು, ಇವರ ಹೆಸರುಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ ಓದಬಹುದು. ಮುಂದಿನ ದಶಲಕ್ಷಣ ಪರ್ವದ ಮೊದಲು ಬಾಕಿಯ ಪುಸ್ತಕವನ್ನು ತೆರೆದು, ಬಾಕಿದಾರರನ್ನು ಒಬ್ಬೊಬ್ಬರನ್ನಾಗಿ ಏಕಾಂತದಲ್ಲಿ ಕಂಡು, ತಿಂಗಳಿಗೆ ಎಷ್ಟು ಸಾಧ್ಯವೆಂದು ಅವರಿಂದಲೇ ಕೇಳಿ ಬರೆದುಕೊಳ್ಳುವ ಕೆಲಸವನ್ನು ಮಂಡಳಿಯ ಹಿರಿಯರೊಬ್ಬರಿಗೆ ವಹಿಸಬೇಕು.