ತುಂಬದೆ ಬಿಟ್ಟ ಜಾಗ

ಹರಿದ ಪುಟವನ್ನು ಉಳಿಸುವುದು ಅಂದರೆ ಅದನ್ನು ಹೊಸದರಂತೆ ಮಾಡುವುದೇ? ಕೋಲಾರ ಸೀಮೆಯ ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇದು ದಿನನಿತ್ಯದ ಪ್ರಶ್ನೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟ ಬಂದದ್ದು 1905ರಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಗುಡಿ, ಹೊಲ, ಕೆರೆಯಂಗಳಗಳ ಕಲ್ಲುಗಳ ಪಾಠ ಅದರಲ್ಲಿದೆ. ಒಂದು ಕಲ್ಲು ಒಡೆದು ಯಾರದೋ ಮನೆಯ ಚಪ್ಪಡಿಯಾಗಿಬಿಟ್ಟರೆ, ಆಮೇಲೆ ಆ ಪುಟವೇ ಸಾಕ್ಷಿ. ಆದರೆ ಕಾಗದಕ್ಕೆ ಕಲ್ಲಿನ ಆಯುಸ್ಸಿಲ್ಲ. ಆ ಕಾಲದ ಅನೇಕ ಪುಸ್ತಕಗಳ ಮರದ ತಿರುಳಿನ ಕಾಗದ ಆಮ್ಲದಿಂದ ಹಳದಿಗಟ್ಟಿ, ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಾಗದ ಸಂರಕ್ಷಕರ ಕೆಲಸ ಶುರುವಾಗುವುದು ಇಲ್ಲಿಂದ. ಶಾಯಿ, ಮೊಹರು ನೀರಿಗೆ ಹರಡುತ್ತವೆಯೇ ಎಂದು ಮೊದಲು ಒಂದು ಮೂಲೆಯಲ್ಲಿ ನೋಡುತ್ತಾರೆ. ಹರಡದಿದ್ದರೆ ಹಾಳೆಯನ್ನು ಸುಣ್ಣದ ತಿಳಿನೀರಿನಂಥ ಕ್ಷಾರದಲ್ಲಿ ಅದ್ದಿ ಆಮ್ಲವನ್ನು ತಣಿಸುತ್ತಾರೆ. ಹರಿದಲ್ಲಿಗೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತಾರೆ. ಆ ಕಾಗದಕ್ಕೆ ನಾರು ಕೊಡುವ ಗಿಡ ನಮ್ಮ ಕಡೆ ರೇಷ್ಮೆಹುಳು ಮೇಯುವ ಹಿಪ್ಪುನೇರಳೆಯ ಕುಟುಂಬದ್ದೇ. ಮುಂದೆ ಯಾರಾದರೂ ತೇವ ಮಾಡಿದರೆ ಅಂಟು ಬಿಟ್ಟುಕೊಳ್ಳಬೇಕು. ಮಾಡಿದ್ದನ್ನು ಬಿಚ್ಚಲು ಬರಬೇಕೆಂಬುದು ಈ ವೃತ್ತಿಯ ನಿಯಮ.

ಈ ನಿಯಮಕ್ಕೆ ಕಾರಣವಿದೆ. ಕಳೆದ ಶತಮಾನದ ನಡುವಿನಲ್ಲಿ ಎಷ್ಟೋ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಪದರಗಳ ನಡುವೆ ಅಂಟಿಸಿಟ್ಟರು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಂತ್ರವಿಲ್ಲದೆ, ಅಸಿಟೋನ್ ಸವರಿ ಅಂಟಿಸುವ ವಿಧಾನವೂ ರೂಪುಗೊಂಡಿತು. ಕಾಲ ಕಳೆದಂತೆ ಆ ಪದರವೇ ಕೆಟ್ಟು ಒಳಗಿನ ಹಾಳೆಯನ್ನೂ ಕೆಡಿಸಬಲ್ಲದೆಂದು ತಿಳಿಯಿತು. ಹಾಗೆ ಮಾಡಿದವರಲ್ಲಿ ಶ್ರದ್ಧೆಗೇನೂ ಕೊರತೆಯಿರಲಿಲ್ಲ. ನಮಗೆ ತಿಳಿದಿರುವುದು ನಾಳೆ ತಪ್ಪೆಂದು ಗೊತ್ತಾಗಬಹುದು ಎಂಬ ಅಳುಕೂ ಶ್ರದ್ಧೆಯ ಜೊತೆಗಿರಬೇಕು.

ಇನ್ನೊಂದು ನಿಯಮ ಇನ್ನೂ ಕಠಿಣ. ಹುಳು ತಿಂದ ತೂತಿಗೆ ಕಾಗದ ತುಂಬಬಹುದು, ಅಕ್ಷರ ತುಂಬುವಂತಿಲ್ಲ. ಹೋಗಿರುವುದು ಒಂದೇ ಅಕ್ಷರ, ಅದೇನೆಂದು ಓದಿದವರಿಗೆಲ್ಲ ಹೊಳೆಯುತ್ತದೆ, ಬರೆದುಬಿಟ್ಟರೇನು ಎಂದು ಕೇಳಬಹುದು. ಆದರೆ ಆ ಜಾಗದಲ್ಲಿ ದಾನ ಕೊಟ್ಟವನ ಹೆಸರೋ ಗದ್ದೆಯ ಎಲ್ಲೆಯೋ ಇದ್ದಿರಬಹುದು. ಇಂದಿನ ಊಹೆ ಅದೇ ಹಾಳೆಯ ಮೇಲೆ ಕೂತರೆ ನಾಳೆ ಅದೇ ಪುರಾವೆ. ಕಲ್ಲು ಸವೆದ ಕಡೆ ರೈಸ್ ಅವರ ಸಂಪುಟ ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತದೆ. ಊಹಿಸುವ ಕೆಲಸ ನನ್ನಂಥವರದು. ಅದನ್ನು ನಮ್ಮ ಹೆಸರಿನಲ್ಲಿ, ಬೇರೆ ಹಾಳೆಯಲ್ಲಿ ಬರೆಯಬೇಕು.

ಇಂಥ ವೃತ್ತಿಯಲ್ಲಿ ಮೂವತ್ತು ವರ್ಷ ದುಡಿದವರಿಗೆ ನಿವೃತ್ತಿಯ ದಿನ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಒಂದಷ್ಟು ಪುಟಗಳು ಮುರಿಯದೆ ತಿರುಗುತ್ತವೆ. ಅವುಗಳಲ್ಲಿ ಖಾಲಿ ಜಾಗ ಖಾಲಿಯಾಗಿಯೇ ಇರುತ್ತದೆ. ಓದಲು ಕೂತವರು ಅದನ್ನು ನಂಬಬಹುದು.