ಶನಿಯ ತಲೆಗೆ ಕಟ್ಟಿದ ತಪ್ಪು

ನಮ್ಮ ಸಾಲಗುಂದದ ಕಡೆ ಬೆಳೆ ಕೈಕೊಟ್ಟರೂ ಎತ್ತು ಸತ್ತರೂ ಮಗಳ ಸಂಬಂಧ ಮುರಿದರೂ ಒಂದೇ ಮಾತು: ‘ಶನಿ ಹೊಕ್ಕಾನ.’ ಕನ್ನಡ ಪಾಠ ಹೇಳುವ ನನಗೆ ಖಗೋಳಶಾಸ್ತ್ರ ಓದಿನ ಚಪಲವಷ್ಟೆ. ಆದರೂ 2025ರ ಸೆಪ್ಟೆಂಬರಿನಲ್ಲಿ ಊರಿಗೆ ಹೋಗಿದ್ದಾಗ ನೆರೆಮನೆಯ ಹಿರಿಯರೊಬ್ಬರು ತಮ್ಮ ಸಾಡೇಸಾತಿಯ ಕಥೆ ತೆಗೆಯಲು, ಅವರ ಶನಿಯನ್ನು ಅಂದೇ ಬಿಡಿಸಿಬಿಡುವ ಹುಮ್ಮಸ್ಸು ನನಗೆ ಬಂತು.

ಹೇಳಿದ್ದೆಲ್ಲ ನಿಜವೇ. ಶನಿಗ್ರಹ ಸೂರ್ಯನಿಂದ ಸುಮಾರು 143 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಬೆಳಕೇ ಅಲ್ಲಿಗೆ ಮುಟ್ಟಲು ಹತ್ತಿರಹತ್ತಿರ 80 ನಿಮಿಷ ಬೇಕು. ಕಾಲೂರಲು ನೆಲವಿಲ್ಲ, ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ. ತೂಕದಲ್ಲಿ 95 ಭೂಮಿಗಳಿಗೆ ಸಮವಾದರೂ ಸಾಂದ್ರತೆ ನೀರಿಗಿಂತ ಕಡಮೆ. ನಾವು ಕರಿಯ ಬಟ್ಟೆ, ಎಳ್ಳೆಣ್ಣೆಗಳಿಂದ ಒಲಿಸಿಕೊಳ್ಳುವ ಈ ಮಹಾತ್ಮನ ಸುತ್ತ ಇರುವುದು ಹೆಚ್ಚಾಗಿ ನೀರಿನ ಮಂಜುಗಡ್ಡೆಯ ಚೂರುಗಳಿಂದಾದ ಬೆಳ್ಳನೆಯ ಬಳೆಗಳು. 1610ರಲ್ಲಿ ಗೆಲಿಲಿಯೋ ಅವನ್ನು ಕಂಡರೂ ಬಳೆಗಳೆಂದು ತಿಳಿಯಲಿಲ್ಲ. 1659ರಲ್ಲಿ ಹೈಗೆನ್ಸ್ ತಿಳಿಸಿಕೊಟ್ಟ. ಕ್ಯಾಸಿನಿ ನೌಕೆ 2004ರಿಂದ 13 ವರ್ಷ ಅದನ್ನು ಸುತ್ತಿ, 2017ರಲ್ಲಿ ಅದರ ವಾಯುಮಂಡಲದಲ್ಲೇ ಉರಿದುಹೋಯಿತು.

ಹಿರಿಯರು ತಾಳ್ಮೆಯಿಂದ ಕೇಳಿದರು. ಕೊನೆಗೆ, “ಹಂಗಾದ್ರ ತಮ್ಮ, ತಪ್ಪೆಲ್ಲಾ ನಂದೇ ಅಂತೀ ಏನು?” ಎಂದರು.

ಈ ಪ್ರಶ್ನೆಗೆ ನನ್ನ ಅಂಕಿಗಳಲ್ಲಿ ಉತ್ತರವಿರಲಿಲ್ಲ. ಎರಡು ಬೆಳೆ ಹೋದ ಮನುಷ್ಯ ಶನಿಯ ಹೆಸರು ಹೇಳಿ ರಾತ್ರಿ ನಿದ್ದೆ ಮಾಡುತ್ತಿದ್ದ. ಆ ಹೆಸರನ್ನು ಕಿತ್ತುಕೊಂಡ ನಾನು ಅದರ ಜಾಗದಲ್ಲಿ ಇಟ್ಟದ್ದು ಅವನ ಸ್ವಂತ ಹೆಸರನ್ನು. ಮೂಢನಂಬಿಕೆಯನ್ನು ಕಳೆಯುವ ಉತ್ಸಾಹದಲ್ಲಿ ನಮ್ಮಂಥ ಓದಿದವರು ಮಾಡುವ ಕ್ರೌರ್ಯವಿದು. ಪಾವಗಡದ ಶನಿಮಹಾತ್ಮನ ಗುಡಿಯ ಮುಂದೆ ನಿಂತ ಸಾಲನ್ನು ನೋಡಿ ನಗುವುದು ಸುಲಭ. ಆ ಸಾಲಿನಲ್ಲಿ ನಿಂತವನ ಕೈಗೆ ಬೇರೆ ಏನನ್ನು ಕೊಟ್ಟಿದ್ದೇವೆ?

ಹಾಗೆಂದು ಸುಮ್ಮನಿರಬೇಕಿತ್ತೆ? ಸಾಡೇಸಾತಿಯ ಲೆಕ್ಕವನ್ನೇ ನೋಡಿ. ಶನೈಶ್ಚರನೆಂದರೆ ಮೆಲ್ಲನೆ ನಡೆಯುವವನು. 43,20,000 ವರ್ಷಗಳ ಯುಗದಲ್ಲಿ ಅವನಿಗೆ 1,46,564 ಸುತ್ತು ಎಂದು ಆರ್ಯಭಟ ಹೇಳಿದ. ಭಾಗಿಸಿದರೆ ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ, ಇಂದಿನ ಲೆಕ್ಕಕ್ಕೆ ತೀರ ಹತ್ತಿರ. ದೂರದರ್ಶಕವಿಲ್ಲದ ಕಾಲದ ಈ ಎಣಿಕೆಗೆ ನಾನು ತಲೆಬಾಗುತ್ತೇನೆ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಅಂದರೆ ಯಾವ ದಿನವೇ ಆಗಲಿ, ಹನ್ನೆರಡರಲ್ಲಿ ಮೂರು ರಾಶಿಯವರು ಅವನ ಕೈಯಲ್ಲಿರಬೇಕು. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವರೆಲ್ಲ ಆ ಮೂರೇ ರಾಶಿಯಲ್ಲಿ ಹುಟ್ಟಿದವರೆ? ಮೇಲಿನವರ ಭತ್ತಕ್ಕೆ ಸಿಕ್ಕ ನೀರು ಕೆಳಗಿನವರಿಗೆ ಸಿಗದಿದ್ದರೆ ಅದನ್ನು ಬರೆದವನು ಆಕಾಶದಲ್ಲಿಲ್ಲ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗಲೂ ಶನಿಯ ಹೆಸರು ನನ್ನ ಕಿವಿಗೆ ಬಿದ್ದಿತ್ತು. ತುಂಡಾಗಿದ್ದು ಕಬ್ಬಿಣದ ಸರಪಳಿ.

ಶನಿಯ ಮೇಲೆ ಹೊರಿಸಿದ ತಪ್ಪು ಬಡವನಿಗೆ ಸಮಾಧಾನ, ನಿಜ. ಆದರೆ ಅದೇ ಹೊತ್ತಿಗೆ ನೂರಕ್ಕೆ ಐದರ ತಿಂಗಳ ಬಡ್ಡಿ ಎಣಿಸುವವನಿಗೂ ಅದು ಸಮಾಧಾನವೇ. ಅವನೇ ಬಂದು, “ನಿನ್ನ ಗ್ರಹಗತಿ ಸರಿ ಇಲ್ಲಪಾ” ಎಂದು ಮರುಗಿ ಹೋಗಿದ್ದನಂತೆ! ಇದನ್ನು ಕೇಳಿದ ಮೇಲೆ ನನಗೆ ಮಾತು ಸಿಕ್ಕಿತು. “ತಪ್ಪು ನಿಮ್ಮದಲ್ಲ ಕಾಕಾ, ಶನಿಯದೂ ಅಲ್ಲ” ಎಂದು ನೀರಿನ ವಿಷಯಕ್ಕೆ ಬಂದೆ. ಅದು ಬಹಳ ಹೊತ್ತು ನಡೆಯಿತು; ನಡುನಡುವೆ ಅವರೇ ನನ್ನನ್ನು ತಿದ್ದಿದರು.

ಕತ್ತಲಾದ ಮೇಲೆ ಪೂರ್ವದಲ್ಲಿ ಮಿನುಗದ ಹಳದಿ ಚುಕ್ಕಿಯೊಂದನ್ನು ತೋರಿಸಿದೆ. ಅವರು ಕೈಮುಗಿದರು. ನಾನು ತಡೆಯಲಿಲ್ಲ.

“ನನಗೀಗ ಎಪ್ಪತ್ತೆಂಟು. ಅಂದ್ರ ಎರಡು ಸುತ್ತು ಮುಗಿಸ್ಯಾನ” ಎಂದು ಬೆರಳೆಣಿಸಿದರು. ಆಮೇಲೆ, “ಆ ಕಾಲುವಿ ಅರ್ಜಿ ನಾಳೆ ಬರದು ಕೊಡು, ಕೆಳಗಿನ ಹೊಲದ ಮಂದೀನೆಲ್ಲಾ ಕೂಡಿಸ್ತೀನಿ. ಶನಿವಾರ ಮಾತ್ರ ಬ್ಯಾಡ, ಗುಡಿಗೆ ಹೋಗೋದದ” ಎಂದರು.