ಅಪ್ರಮಾದವನ್ನು ಕಲಿಸಬಹುದೇ?

ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರಾಣಹಾನಿಯೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಅದರ ಹಿಂದೆ ಪ್ರಮಾದವನ್ನು ಇರಿಸಿದರು. ನಡೆಯುವುದು, ನಿಲ್ಲುವುದು, ಕುಳಿತುಕೊಳ್ಳುವುದು, ಮಲಗುವುದು, ಉಣ್ಣುವುದು, ಮಾತನಾಡುವುದು ಇವೆಲ್ಲ ಹೇಗಿರಬೇಕೆಂಬುದನ್ನೇ ಮೂಲಾಚಾರವೂ ದಶವೈಕಾಲಿಕವೂ ಪ್ರಶ್ನೆಯಾಗಿ ಎತ್ತಿಕೊಂಡು, ಯತ್ನಾಚಾರವೇ ಉತ್ತರವೆಂದು ಸಾರುತ್ತವೆ. ಇಷ್ಟು ಮಾತು ಸ್ವಾಧ್ಯಾಯದ ಅಭ್ಯಾಸವಿರುವ ಎಲ್ಲ ಮನೆಗಳಲ್ಲೂ ಪರಿಚಿತವೇ. ಪರಿಚಿತವಲ್ಲದ ಪ್ರಶ್ನೆ ಬೇರೊಂದಿದೆ. ಈ ಎಚ್ಚರವನ್ನು ಒಬ್ಬರು ಇನ್ನೊಬ್ಬರಿಗೆ ಕಲಿಸಲು ಬರುತ್ತದೆಯೇ? ಬರುವುದಾದರೆ, ಕಲಿಸುವವನಲ್ಲಿ ಎಷ್ಟು ಎಚ್ಚರವಿದ್ದರೆ ಸಾಕು?

ಜೈನ ಶಾಸ್ತ್ರಕ್ಕೆ ಯಾವ ಸಂಬಂಧವೂ ಇಲ್ಲದ ಕಾರಣಕ್ಕಾಗಿ ಈ ಪ್ರಶ್ನೆಯನ್ನು ಎದುರಿಸಿದವರಲ್ಲಿ ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ ಒಬ್ಬರು. 1869ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಜನಿಸಿದ ಅವರು ರಂಗದ ಮೇಲೆ ನಾಟಕಭಾಗಗಳನ್ನು ವಾಚನ ಮಾಡಿ ಜೀವಿಸುತ್ತಿದ್ದರು. ವಾಚನಕ್ಕೆ ನಿಂತಾಗ ಧ್ವನಿ ಒಡೆಯುತ್ತಿತ್ತು. ವಿಶ್ರಾಂತಿ ಪಡೆದಾಗ ಸರಿಹೋಗುತ್ತಿತ್ತು. ಮತ್ತೆ ವಾಚನಕ್ಕೆ ನಿಂತರೆ ಮತ್ತೆ ಒಡೆಯುತ್ತಿತ್ತು. ಹಾಗಾದರೆ ಕೇಡು ಗಂಟಲಿನಲ್ಲಿಲ್ಲ, ವಾಚನ ಮಾಡುವಾಗ ತಾನು ಮಾಡುವ ಯಾವುದೋ ಕ್ರಿಯೆಯಲ್ಲಿದೆ ಎಂದು ಅವರು ತರ್ಕಿಸಿದರು. ಕನ್ನಡಿಗಳನ್ನು ಇರಿಸಿಕೊಂಡು ನೋಡಿದಾಗ, ಮಾತು ಹೊರಡುವ ಮುನ್ನವೇ ತಲೆ ಹಿಂದಕ್ಕೆ ಎಳೆದುಕೊಳ್ಳುವುದೂ, ಗಂಟಲು ಕೆಳಗೆ ಅದುಮಿಕೊಳ್ಳುವುದೂ, ಬಾಯಿಂದ ಸದ್ದಾಗುವಂತೆ ಉಸಿರು ಸೆಳೆದುಕೊಳ್ಳುವುದೂ ಕಂಡವು. ಸಾಮಾನ್ಯ ಮಾತಿನಲ್ಲಿಯೂ ಇವೇ ಇದ್ದವು, ಆದರೆ ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾಗಿ.

ತಪ್ಪು ತಿಳಿದ ಮೇಲೆ ತಿದ್ದಿಕೊಳ್ಳುವುದು ಸುಲಭವೆಂದು ಯಾರಾದರೂ ಭಾವಿಸುತ್ತಾರೆ. ಅಲೆಕ್ಸಾಂಡರ್ ಕೂಡ ಹಾಗೆಯೇ ಭಾವಿಸಿದ್ದರು. ತಲೆಯನ್ನು ಮುಂದಕ್ಕೆ, ಮೇಲಕ್ಕೆ ಇರಿಸಿದ್ದೇನೆಂದು ಅವರ ಮೈ ಹೇಳುತ್ತಿದ್ದ ಹೊತ್ತಿನಲ್ಲಿಯೇ ಅದು ಹಿಂದಕ್ಕೆ ಹೋಗುತ್ತಿದ್ದುದನ್ನು ಕನ್ನಡಿ ತೋರಿಸಿತು. ಬಹುಕಾಲದ ರೂಢಿಯಿಂದ ತಪ್ಪೇ ಸರಿಯೆಂದು ತೋರುವಂತಾಗಿತ್ತು. ತಪ್ಪು ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೂ ತೂಕ ಸರಿಬರುವುದಿಲ್ಲ. ಮೊದಲು ತಕ್ಕಡಿಯೇ ಸರಿಯಾಗಬೇಕು. ಸಮ್ಯಗ್ದರ್ಶನವಿಲ್ಲದ ಚಾರಿತ್ರವು ಬರಿಯ ಶ್ರಮವೆಂಬ ಮಾತನ್ನು ಕೇಳಿ ಬೆಳೆದವರಿಗೆ ಇದರ ಮರ್ಮ ಬೇಗ ಹೊಳೆದೀತು. ಆದರೂ ಎರಡನ್ನೂ ಒಂದೇ ಎನ್ನುವ ಆತುರ ಬೇಡ. ಅಲ್ಲಿನದು ಕತ್ತು, ಬೆನ್ನುಗಳ ವಿಷಯ. ಇಲ್ಲಿನದು ಆತ್ಮನ ವಿಷಯ.

ಅವರು ಕಂಡುಕೊಂಡ ಉಪಾಯವೇ ಈ ಚರ್ಚೆಗೆ ಮುಖ್ಯವಾದದ್ದು. ಮಾತನಾಡಬೇಕೆಂಬ ಪ್ರೇರಣೆ ಹುಟ್ಟಿದೊಡನೆ ಅದಕ್ಕೆ ಸಮ್ಮತಿಸದೆ ನಿಲ್ಲುವುದು. ತಲೆ, ಕತ್ತು, ಬೆನ್ನುಗಳ ಸಂಬಂಧವನ್ನು ಮನಸ್ಸಿನಲ್ಲಿಯೇ ನಿರ್ದೇಶಿಸಿಕೊಳ್ಳುವುದು. ಮಾತನಾಡುವ ಕ್ಷಣ ಬಂದಾಗಲೂ ಹೊಸದಾಗಿ ತೀರ್ಮಾನಿಸುವುದು: ಮಾತನಾಡಬಹುದು, ಮಾತನಾಡದಿರಬಹುದು, ಇಲ್ಲವೇ ಕೈಯೆತ್ತುವಂಥ ಬೇರೊಂದು ಕೆಲಸವನ್ನೇ ಮಾಡಬಹುದು. ಫಲದ ಮೇಲಿನ ಹಟ ಸಡಿಲಗೊಂಡಾಗ ಮಾತ್ರ ಹಳೆಯ ರೂಢಿ ಹಿಡಿತ ಬಿಟ್ಟಿತು. ದಾರಿಯನ್ನು ಗಮನಿಸದೆ ಫಲಕ್ಕೆ ಹಾತೊರೆಯುವುದನ್ನು ಅವರು ‘ಎಂಡ್ ಗೇನಿಂಗ್’ ಎಂದು ಕರೆದರು. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮೂರನೆಯದರ ಒಂದು ಸಣ್ಣ ಮುಖ ಇಲ್ಲಿ ಕಾಣಸಿಗುತ್ತದೆ. ಮುನಿಯು ಕಮಂಡಲುವನ್ನು ಕೆಳಗಿಡುವ ಮುನ್ನ ನೆಲವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಸರಿಸಿ, ಅನಂತರವೇ ಇಡುತ್ತಾನೆ. ಆದಾನನಿಕ್ಷೇಪಣ ಸಮಿತಿಯ ಆ ಸಣ್ಣ ತಡೆಯಲ್ಲಿ ಜೀವದಯೆಯಿದೆ, ಕೈಯ ಆತುರಕ್ಕೆ ಕಡಿವಾಣವೂ ಇದೆ.

ಅಲೆಕ್ಸಾಂಡರ್ 1904ರಲ್ಲಿ ಲಂಡನ್ನಿಗೆ ಬಂದರು. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರಿಂದ ಪಾಠ ಪಡೆದು ಅವರ ಮೂರು ಪುಸ್ತಕಗಳಿಗೆ ಮುನ್ನುಡಿ ಬರೆದರು. ಹೀಗೆ ಹೆಸರು ಬಂದರೂ ಶಿಕ್ಷಕರನ್ನು ತಯಾರಿಸುವ ತರಗತಿಯನ್ನು ಅವರು ಆರಂಭಿಸಿದ್ದು 1931ರಲ್ಲಿ, ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ. ಅವಧಿ ಮೂರು ವರ್ಷ. ಲಂಡನ್ನಿನಲ್ಲಿ 1958ರಲ್ಲಿ ಸ್ಥಾಪಿತವಾದ ಶಿಕ್ಷಕರ ಸಂಘವು ಆ ಕ್ರಮವನ್ನೇ ಮುಂದುವರಿಸಿಕೊಂಡು ಬಂದಿದೆ: ಕನಿಷ್ಠ ಮೂರು ವರ್ಷಗಳಲ್ಲಿ 1600 ಗಂಟೆಗಳ ತರಬೇತಿ, ಐವರು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕ.

ಇಷ್ಟು ಗಂಟೆಗಳಲ್ಲಿ ಅವರು ಕಲಿಯುವುದಾದರೂ ಏನು? ಹೊರಗಿನಿಂದ ನೋಡಿದವರಿಗೆ ನಗು ಬರಬಹುದು. ಕುರ್ಚಿಯಿಂದ ಏಳುವುದು, ಕುರ್ಚಿಯಲ್ಲಿ ಕೂರುವುದು. ತಲೆಯ ಕೆಳಗೆ ಕೆಲವು ಪುಸ್ತಕಗಳನ್ನಿಟ್ಟು, ಮಂಡಿ ಮಡಿಚಿ ಅಂಗಾತ ಮಲಗುವುದು. ಮೊಣಕಾಲು, ಸೊಂಟಗಳ ಕೀಲುಗಳಲ್ಲಿ ಬಾಗುವುದು. ಶರೀರರಚನೆಯ ಪಾಠವೂ ಸ್ವಲ್ಪ ಉಂಟು. ಇನ್ನೊಬ್ಬರ ಕತ್ತಿನ ಮೇಲೆ ಕೈಯಿಡುವ ಅಧಿಕಾರ ಬರುವುದು ಬಹಳ ತಡವಾಗಿ. ಅಲ್ಲಿಯವರೆಗೆ ವಿದ್ಯಾರ್ಥಿಯು ಹಿರಿಯರ ಕೈಕೆಳಗೆ ತನ್ನನ್ನೇ ಗಮನಿಸುತ್ತಿರಬೇಕು. ಬೇರೆ ವಿದ್ಯೆಗಳಲ್ಲಿ ಒಂದು ರಾತ್ರಿ ಕಂಠಪಾಠ ಮಾಡಿ ಮರುದಿನ ಪರೀಕ್ಷೆಯಲ್ಲಿ ಉತ್ತೀರ್ಣರಾದವರುಂಟು. ಈ ವಿದ್ಯೆಯಲ್ಲಿ ಆ ಸೌಕರ್ಯವಿಲ್ಲ.

ತಡ ಮಾಡುವುದಕ್ಕೆ ಅವರು ಕೊಡುವ ಕಾರಣ ಗಮನಾರ್ಹ. ಶಿಷ್ಯನನ್ನು ಬೇಗ ಸರಿಪಡಿಸಿಬಿಡಬೇಕೆಂಬ ಆಸೆ ಶಿಕ್ಷಕನಲ್ಲಿ ಮೂಡಿದೊಡನೆ ಅವನ ಕತ್ತು ಬಿಗಿಯುತ್ತದೆ, ಉಸಿರು ತಡೆಯುತ್ತದೆ, ಆ ಬಿಗಿತ ಕೈಯ ಮೂಲಕ ಶಿಷ್ಯನಿಗೆ ತಲುಪುತ್ತದೆ ಎಂಬುದು ಆ ಶಿಕ್ಷಕರ ಅನುಭವದ ಮಾತು. ಬಾಯಿ ‘ಸಡಿಲ ಬಿಡಿ’ ಎನ್ನುತ್ತಿರುವಾಗ ಕೈ ಬೇರೆಯೇ ಪಾಠ ಹೇಳುತ್ತದೆ. ಒಳ್ಳೆಯದನ್ನು ಮಾಡಬೇಕೆಂಬ ಆತುರವೂ ಪ್ರಮಾದವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕಲಾರದು. ಮಕ್ಕಳನ್ನು ಬೆಳೆಸುವವರೂ ಪಾಠಶಾಲೆ ನಡೆಸುವವರೂ ಇದನ್ನು ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಹಾಗಾದರೆ ಪ್ರಮಾದವನ್ನು ಪೂರ್ತಿಯಾಗಿ ಗೆದ್ದವನೇ ಕಲಿಸಬೇಕೇ? ಈ ನಿಯಮವನ್ನು ಹಿಡಿದರೆ ಲೋಕದಲ್ಲಿ ಶಿಕ್ಷಕರೇ ಉಳಿಯರು. ಈ ತೊಡಕಿಗೆ ಜೈನ ಸಿದ್ಧಾಂತದಲ್ಲಿ ಸೂಕ್ಷ್ಮವಾದ ಉತ್ತರವಿದೆ. ಗುಣಸ್ಥಾನಗಳಲ್ಲಿ ಆರನೆಯದು ಪ್ರಮತ್ತವಿರತ, ಏಳನೆಯದು ಅಪ್ರಮತ್ತವಿರತ. ಮಹಾವ್ರತಿಯಾದ ಮುನಿಯೂ ಏಳನೆಯದರಲ್ಲಿ ಅಂತರ್ಮುಹೂರ್ತಕ್ಕಿಂತ ಹೆಚ್ಚು ನಿಲ್ಲಲಾರದೆ ಆರನೆಯದಕ್ಕೆ ಇಳಿಯುತ್ತಾನೆ, ಮತ್ತೆ ಏರುತ್ತಾನೆ. ಉಪದೇಶ, ಅಧ್ಯಾಪನ, ವಿಹಾರ ಎಲ್ಲವೂ ಆರನೆಯದರಲ್ಲಿಯೇ ನಡೆಯತಕ್ಕವು. ಆದರೂ ಉಪಾಧ್ಯಾಯ ಪರಮೇಷ್ಠಿಗೆ ಣಮೋಕಾರ ಮಂತ್ರದಲ್ಲಿ ವಂದನೆ ಸಲ್ಲುತ್ತದೆ. ಅಂದರೆ ಶಿಕ್ಷಕನ ಅರ್ಹತೆ ಇರುವುದು ಜಾರದಿರುವುದರಲ್ಲಿ ಅಲ್ಲ, ಜಾರಿದ್ದನ್ನು ಬೇಗ ಅರಿತು ಹಿಂದಿರುಗುವುದರಲ್ಲಿ. ಹಿಂದಿರುಗುವುದಕ್ಕೇ ಪ್ರತಿಕ್ರಮಣವೆಂದು ಹೆಸರು. ಲಂಡನ್ನಿನ 1600 ಗಂಟೆಗಳು ವಿದ್ಯಾರ್ಥಿಯನ್ನು ದೋಷರಹಿತನನ್ನಾಗಿ ಮಾಡುತ್ತವೆಂದು ನಂಬಬೇಕಿಲ್ಲ. ದೋಷವನ್ನು ಕಾಣುವ ಕಾಲವನ್ನು ಅವು ಕಿರಿದಾಗಿಸಿದರೆ ಸಾರ್ಥಕ.

ಇಲ್ಲೊಂದು ಆಕ್ಷೇಪ ಬರುತ್ತದೆ. ದೇಹಮಮತ್ವವನ್ನು ಬಿಡಬೇಕೆನ್ನುವ ಧರ್ಮದವರಿಗೆ ದೇಹದ ಭಂಗಿಯ ಮೇಲೆ ಇಷ್ಟು ಗಮನವೇಕೆ? ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಮುನಿಯ ಆಹಾರಕ್ಕೆ ಶಾಸ್ತ್ರಕಾರರು ಕೊಟ್ಟ ಹೆಸರುಗಳಲ್ಲಿ ಅಕ್ಷಮ್ರಕ್ಷಣವೂ ಒಂದು. ಗಾಡಿಯ ಅಚ್ಚಿಗೆ ಎಣ್ಣೆ ಹಚ್ಚುವಂತೆ ಎಂದು ಅರ್ಥ. ಗಾಡಿಯನ್ನು ಶೃಂಗರಿಸುವುದು ಬೇರೆ, ಅಚ್ಚು ಕಿರುಗುಟ್ಟದಂತೆ ನೋಡಿಕೊಳ್ಳುವುದು ಬೇರೆ. ಎಣ್ಣೆ ಹಾಕದೆ ಓಡಿಸುವವನು ವಿರಾಗಿಯಲ್ಲ, ಅಸಡ್ಡೆಯವನು.

ಆಕ್ಷೇಪದ ನಿಜವಾದ ಬಲ ಬೇರೆ ಕಡೆ ಇದೆ. ಕಾಯಗುಪ್ತಿಯೊಂದು ಸಾಧಿಸಿದರೆ ವಚನಗುಪ್ತಿ, ಮನೋಗುಪ್ತಿಗಳು ತಾವಾಗಿ ಬಂದುಬಿಡುವುದಿಲ್ಲ. ತನ್ನ ಕತ್ತಿನ ಚಲನೆಯನ್ನು ಅಷ್ಟು ನಿಷ್ಠೆಯಿಂದ ಪರೀಕ್ಷಿಸಿದ ಅಲೆಕ್ಸಾಂಡರ್ 1910ರಲ್ಲಿ ಹೊರತಂದ ತಮ್ಮ ಮೊದಲ ಪುಸ್ತಕದಲ್ಲಿ ಬಿಳಿಯರಲ್ಲದ ಜನಾಂಗಗಳನ್ನು ಅನಾಗರಿಕರೆಂದು ಕೀಳಾಗಿ ಕಂಡು ಬರೆದರು. ಕಾಲದ ಪೂರ್ವಗ್ರಹವೆಂದು ಇದನ್ನು ತಳ್ಳಿಹಾಕಲಾಗದು. ರೂಢಿಯನ್ನು ಪ್ರಶ್ನಿಸುವುದೇ ಅವರ ಶೋಧವಾಗಿದ್ದಾಗ ಈ ರೂಢಿ ಮಾತ್ರ ಹೇಗೆ ತಪ್ಪಿಸಿಕೊಂಡಿತು? ಕನ್ನಡಿ ಅಲ್ಲಿಗೆ ತಿರುಗಲಿಲ್ಲ, ಅಷ್ಟೆ. ಶ್ರವಣಬೆಳಗೊಳದ ಬೆಟ್ಟದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿರುವ ಬಾಹುಬಲಿಯ ಕಥೆಯೂ ಇದನ್ನೇ ನೆನಪಿಗೆ ತರುತ್ತದೆ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ, ಬಳ್ಳಿಗಳು ತೊಡೆತೋಳುಗಳನ್ನು ಸುತ್ತಿದರೂ ಕೇವಲಜ್ಞಾನ ಉಂಟಾಗಲಿಲ್ಲ. ಅಣ್ಣ ಭರತನಿಗೆ ತನ್ನಿಂದ ಸಂಕ್ಲೇಶವಾಯಿತೆಂಬ ಅಳುಕು ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಭರತನ ನೆಲದ ಮೇಲೆ ನಿಂತಿದ್ದೇನೆಂಬ ಭಾವವೆಂದು ಜನಜನಿತ ಕಥೆ. ಯಾವುದೇ ಆಗಲಿ, ಆ ಭಂಗಿಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

ಈ ವಿದ್ಯೆಯಿಂದ ಲೌಕಿಕ ಪ್ರಯೋಜನವಿಲ್ಲವೆಂದಲ್ಲ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಕಾಲದ ಬೆನ್ನುನೋವಿದ್ದ 579 ಮಂದಿಯನ್ನು ಪರೀಕ್ಷಿಸಲಾಗಿತ್ತು. 24 ಪಾಠಗಳನ್ನು ಪಡೆದವರಿಗೆ ಒಂದು ವರ್ಷದ ಅನಂತರವೂ ನೋವಿನ ದಿನಗಳು ಬಹಳ ಕಡಿಮೆಯಾಗಿದ್ದವು. ಶುಲ್ಕ ತೆಗೆದುಕೊಂಡು ಇಂಥ ಪಾಠ ಹೇಳುವುದರಲ್ಲಿ ಅನ್ಯಾಯವೇನೂ ಇಲ್ಲ. ಹೇಳಿದ ಕಾಲವನ್ನು ಕೊಟ್ಟು, ಹೇಳದ ಫಲವನ್ನು ಮಾರದಿದ್ದರೆ ಅದು ಶುದ್ಧ ವ್ಯವಹಾರವೇ. ಕಷ್ಟ ಹುಟ್ಟುವುದು ಶಾಂತಿಯನ್ನೂ ಏಕಾಗ್ರತೆಯನ್ನೂ ಸರಕಿನಂತೆ ಅಳೆದು ಕೊಡುತ್ತೇವೆಂದು ಹೊರಟಾಗ.

ಬಸದಿಗಳ ಸಭಾಭವನಗಳಲ್ಲಿ ಯೋಗ, ಧ್ಯಾನಗಳ ಶಿಬಿರಗಳು ನಡೆಯುತ್ತವೆ. ತೇರಾಪಂಥದಲ್ಲಿ 1975ರಿಂದ ರೂಢಿಗೆ ಬಂದ ಪ್ರೇಕ್ಷಾಧ್ಯಾನದಲ್ಲಿ ಕಾಯೋತ್ಸರ್ಗಕ್ಕೆ ಮುಖ್ಯ ಸ್ಥಾನವಿದೆ. ಶಿಬಿರಕ್ಕೆ ಶಿಕ್ಷಕರನ್ನು ಕರೆಯುವಾಗ ಟ್ರಸ್ಟಿನವರು ಪ್ರಮಾಣಪತ್ರದ ಚೌಕಟ್ಟನ್ನು ನೋಡುವ ಬದಲು ಎರಡು ಮಾತು ಕೇಳಬಹುದು: ಈಗಲೂ ತಾವು ಯಾರ ಬಳಿಯಾದರೂ ಪಾಠ ಪಡೆಯುತ್ತಿದ್ದೀರಾ? ಒಬ್ಬರ ಮೈಮೇಲೆ ಕೈಯಿಡುವ ಮುನ್ನ ಅವರ ಸಮ್ಮತಿ ಕೇಳುತ್ತೀರಾ? ಉತ್ತರ ತೃಪ್ತಿಕರವಾಗಿದ್ದರೆ, ಹತ್ತು ದಿನಗಳಲ್ಲಿ ಮಂಡಿನೋವು, ಮಧುಮೇಹ, ಕೋಪ ಎಲ್ಲವೂ ಹೋಗುವುದೆಂಬ ಸಾಲನ್ನು ಆಹ್ವಾನಪತ್ರಿಕೆಯಿಂದ ತೆಗೆಸಿ, ಆ ಮೇಲೆ ಅಚ್ಚಿಗೆ ಕಳುಹಿಸಬಹುದು.